ಸಾಲಿಗ್ರಾಮದೊಳಗಿನ ಕಡಲು

ಕಳಸದ ಕಡೆಯ ಹಳೇ ಮನೆಗಳಲ್ಲಿ ಬೆಳಗಿನ ಪೂಜೆಗೆ ಕೂತವರು ಮೊದಲು ದೇವರ ಸಂಪುಟ ತೆರೆಯುತ್ತಾರೆ. ಒಳಗೆ ಅಡಿಕೆ ಗಾತ್ರದಿಂದ ನಿಂಬೆಹಣ್ಣಿನ ಗಾತ್ರದವರೆಗಿನ ನುಣ್ಣನೆಯ ಕರಿಗಲ್ಲುಗಳು. ಚಿಕ್ಕವನಿದ್ದಾಗ ಒಂದಕ್ಕೆ ಕೈ ಹಾಕಲು ಹೋದರೆ ಅಜ್ಜ ಗದರಿದ್ದರು: “ಮುಟ್ಟಬೇಡ ಮಾಣಿ, ಸಾಲಿಗ್ರಾಮ ಅದು.” ಮುಟ್ಟದೆ ನೋಡಿದೆ. ಅಭಿಷೇಕದ ನೀರು ಬಿದ್ದ ಕೂಡಲೇ ಕಲ್ಲು ಕಾಡಿಗೆಯಷ್ಟು ಕಪ್ಪಾಗಿ, ಅದರ ಬಾಯೊಳಗೆ ಗೀರುಗೀರಾದ ಒಂದು ಸುರುಳಿ ಎದ್ದು ಕಾಣುತ್ತಿತ್ತು. ಅಜ್ಜ ಅದನ್ನು ಚಕ್ರ ಎನ್ನುತ್ತಿದ್ದರು.

ಪದದ ಮೂಲರೂಪ ಸಂಸ್ಕೃತದ ‘ಶಾಲಗ್ರಾಮ’. ಶಾಲವೆಂಬುದು ಮರ, ಆ ಮರಗಳಿರುವ ಊರು ಶಾಲಗ್ರಾಮ. ಮಹಾಭಾರತದ ವನಪರ್ವದಲ್ಲಿ ಇದು ತೀರ್ಥಗಳ ಸಾಲಿನಲ್ಲಿ ಬರುವ ಒಂದು ಕ್ಷೇತ್ರದ ಹೆಸರು. ನೇಪಾಳದ ಗಂಡಕೀ ನದಿಯ ಆ ಸೀಮೆಯಲ್ಲಿ ಸಿಗುವ ಕಲ್ಲಿಗೆ ಊರಿನ ಹೆಸರೇ ಅಂಟಿತು. ಇದರಲ್ಲಿ ಆಶ್ಚರ್ಯವೇನಿಲ್ಲ. ‘ನೆಲಕ್ಕೆ ಶಹಾಬಾದ್ ಹಾಸಿಸಿದೆ’, ‘ಮದುವೆಗೆ ಇಳಕಲ್ ಉಟ್ಟಳು’ ಎಂದು ನಾವೂ ಹೇಳುತ್ತೇವಲ್ಲ, ಹಾಗೆಯೇ.

ಕನ್ನಡದ ಬಾಯಿಗೆ ಬಂದಾಗ ‘ಶ’ಕಾರ ‘ಸ’ಕಾರವಾಯಿತು, ಶಾಲೆ ಸಾಲೆಯಾದಂತೆ, ಆಕಾಶ ಆಗಸವಾದಂತೆ. ನಡುವಿನ ‘ಲ’ ‘ಲಿ’ ಆದದ್ದು ನಮ್ಮಲ್ಲಿ ಮಾತ್ರವಲ್ಲ, ಸಂಸ್ಕೃತದಲ್ಲೂ ‘ಶಾಲಿಗ್ರಾಮ’ ಎಂಬ ರೂಪ ಬಳಕೆಯಲ್ಲಿದೆ. ಶಾಲಿ ಎಂದರೆ ಭತ್ತ. ಹಾಗಾಗಿ ಮರದ ಊರು ಕೇಳುವ ಕಿವಿಗೆ ಭತ್ತದ ಊರೂ ಆಯಿತು. ಊರಿನಿಂದ ಕಲ್ಲಿಗೆ ಹೋದ ಹೆಸರು ಕನ್ನಡನಾಡಿನಲ್ಲಿ ಮತ್ತೆ ಊರೂ ಆಗಿದೆ. ಉಡುಪಿ ಜಿಲ್ಲೆಯ ಸಾಲಿಗ್ರಾಮ ಗುರುನರಸಿಂಹ ದೇವಸ್ಥಾನದ ಊರು, ಶಿವರಾಮ ಕಾರಂತರು ನೆಲೆಸಿದ್ದ ಊರು. ಮೈಸೂರು ಜಿಲ್ಲೆಯ ಸಾಲಿಗ್ರಾಮ ರಾಮಾನುಜರ ಶಿಷ್ಯ ವಡುಗನಂಬಿಯ ಊರು.

ಕಲ್ಲಿಗೂ ದೇವರಿಗೂ ನಂಟು ಬೆಳೆದದ್ದು ತೀರ ಹಿಂದೆಯೇ. ಎಲ್ಲೆಡೆ ತುಂಬಿರುವ ಬ್ರಹ್ಮವನ್ನು ಪುಟ್ಟ ಹೃದಯದಲ್ಲಿ ಧ್ಯಾನಿಸುವುದು ಹೇಗೆ ಎಂಬ ಪ್ರಶ್ನೆಗೆ ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಕೊಡುವ ಉದಾಹರಣೆ ಶಾಲಗ್ರಾಮದಲ್ಲಿ ಹರಿಯನ್ನು ಕಾಣುವುದು. ಉದಾಹರಣೆಗೆ ಎತ್ತಿಕೊಂಡರು ಎಂದಮೇಲೆ ಕೇಳುವವರಿಗೆಲ್ಲ ಅದು ಗೊತ್ತಿದ್ದ ಸಂಗತಿಯೇ ಇರಬೇಕು.

ಇನ್ನು ಆ ಸುರುಳಿ. ಚಕ್ರವಿರುವ ಸಾಲಿಗ್ರಾಮದೊಳಗೆ ಇರುವುದು ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಸುಮಾರು 15 ಕೋಟಿ ವರ್ಷಗಳ ಹಿಂದೆ ಹಿಮಾಲಯ ಇರಲಿಲ್ಲ. ಆ ಜಾಗದಲ್ಲಿ ಟೆಥಿಸ್ ಸಮುದ್ರವಿತ್ತು. ಭಾರತದ ನೆಲದ ಉತ್ತರದ ಅಂಚು ಅದರಡಿಗೆ ಇಳಿಜಾರಾಗಿ ಚಾಚಿಕೊಂಡಿತ್ತು. ಅಲ್ಲಿನ ಕಪ್ಪು ಕೆಸರಿಗೆ ಸತ್ತ ಅಮೋನೈಟ್ ಬಿದ್ದರೆ, ಅದರ ಸುತ್ತ ಖನಿಜ ಹೆಪ್ಪುಗಟ್ಟಿ ಗಟ್ಟಿ ಉಂಡೆಯಾಗುತ್ತಿತ್ತು. ಆಮೇಲೆ ಕಡಲತಳ ಪರ್ವತವಾಗಿ ಎದ್ದಿತು. ಸ್ಪಿತಿ ಜೇಡಿಪದರ ಎಂದು ಭೂವಿಜ್ಞಾನಿಗಳು ಕರೆಯುವ ಆ ಮೆದು ಕಲ್ಲನ್ನು ಕಾಳಿಗಂಡಕಿ ಕೊರೆದು, ಉಂಡೆಗಳನ್ನು ಉರುಳಿಸಿ ನುಣುಪು ಮಾಡಿತು. ಅಜ್ಜ ತೋರಿಸುತ್ತಿದ್ದ ಗೀರುಗಳು ಚಿಪ್ಪಿನ ಏಣುಗಳು. ಕೆಲವು ಕಲ್ಲುಗಳಲ್ಲಿ ಕಾಣುವ ಹೊನ್ನಿನ ಹೊಳಪು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಈ ಜೀವಿ ಇದ್ದದ್ದು ಚಿಪ್ಪಿನ ಹೊರಗಿನ ಕೋಣೆಯಲ್ಲಿ. ಬೆಳೆದಂತೆ ಮುಂದೆ ಸರಿದು ಹಿಂದೆ ಗೋಡೆ ಕಟ್ಟಿಕೊಳ್ಳುತ್ತಿತ್ತು. ಮಂಗಳೂರಿನ ಮೀನು ಮಾರುಕಟ್ಟೆಯ ಬೊಂಡಾಸು, ಅಂದರೆ ಸ್ಕ್ವಿಡ್, ಇದರ ದೂರದ ನಂಟ. ಡೈನೋಸಾರ್‌ಗಳ ಜೊತೆಗೇ, 6.6 ಕೋಟಿ ವರ್ಷಗಳ ಹಿಂದೆ, ಅಮೋನೈಟ್ ಕುಲ ಅಳಿಯಿತು.

ವಿಜ್ಞಾನದ ಹೆಸರಲ್ಲೂ ದೇವರೇ ಇದ್ದಾನೆ. ಈಜಿಪ್ಟಿನ ಅಮ್ಮೋನ್ ದೇವರಿಗೆ ಟಗರಿನ ಕೊಂಬು. ಸುರುಳಿ ಕಲ್ಲುಗಳನ್ನು ರೋಮನ್ನರು ‘ಅಮ್ಮೋನನ ಕೊಂಬು’ ಎಂದರು. ಅದರಿಂದಲೇ ಅಮೋನೈಟ್.

ನಮ್ಮ ಗುಡ್ಡಗಳಲ್ಲಿ ಎಷ್ಟು ಅಗೆದರೂ ಇಂಥ ಚಿಪ್ಪು ಸಿಗದು. ಕಾಫಿ ಗಿಡದ ಬೇರಿನಡಿ ಇರುವ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಕಳಸದ ಪಕ್ಕದ ಕುದುರೆಮುಖದ ಅದಿರಿನ ಪದರಗಳು ಕೂಡ ಕಡಲಿನಡಿ ಕೂತವೇ. ಆದರೆ ಆ ಕಡಲಿನಲ್ಲಿ ಚಿಪ್ಪು ಹೊತ್ತ ಒಂದು ಪ್ರಾಣಿಯೂ ಹುಟ್ಟಿರಲಿಲ್ಲ. ಹಾಗಾಗಿ ಸಾಲಿಗ್ರಾಮ ಈ ಊರುಗಳಿಗೆ ಬಂದದ್ದು ಯಾತ್ರಿಕರ ಗಂಟಿನಲ್ಲಿ.

ಬಂದಮೇಲೆ ಅದು ಮಡಿಯ ಗೆರೆಯೂ ಆಯಿತು. ಅನಂತಮೂರ್ತಿಯವರ ‘ಭಾರತೀಪುರ’ (1973) ಕಾದಂಬರಿಯ ಜಗನ್ನಾಥ ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು, ಮುಟ್ಟಿ ಎಂದು ಹೊಲೆಯರ ಮುಂದೆ ಹಿಡಿಯುತ್ತಾನೆ. ಅದು ಬರಿ ಕಲ್ಲು ಎಂದು ತೋರಿಸಲು ಹೊರಟವನ ಕೈಯಲ್ಲೇ ಕಲ್ಲು ಭಾರವಾಗುತ್ತದೆ. ಮಲೆನಾಡಿನಲ್ಲಿ ಆ ಪದ ಎಷ್ಟು ತೂಗುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಜ್ಜ ಹೇಳದೆ ಬಿಟ್ಟ ಒಂದು ಪದ ಉಳಿದಿದೆ: ವಜ್ರಕೀಟ. ಸಾಲಿಗ್ರಾಮದೊಳಗೆ ಚಕ್ರ ಕೊರೆದದ್ದು ಈ ಹುಳು ಎನ್ನುತ್ತದೆ ಪುರಾಣ. ಸುರುಳಿ ತಾನಾಗಿ ಮೂಡಿದ್ದಲ್ಲ, ಜೀವವೊಂದು ಬಿಟ್ಟುಹೋದ ಗುರುತು ಎಂದು ಆ ಕಥೆ ಕಟ್ಟಿದವರ ಕಣ್ಣಿಗೆ ಬಿದ್ದಿತ್ತು. ಹುಳು ಹೊರಗಿನಿಂದ ಕೊರೆಯಿತು ಎಂದುಕೊಂಡರು. ಅದು ಒಳಗೇ ಮನೆ ಕಟ್ಟಿತ್ತು, ಅಷ್ಟೇ ವ್ಯತ್ಯಾಸ. ಸಂಪುಟದೊಳಗಿರುವುದು ಬೊಂಡಾಸಿನ ನಂಟ ಎಂದರೆ ದೇವರಿಗೆ ಮೈಲಿಗೆಯಾಗುವುದಿಲ್ಲ. ಒಳಗೊಂದು ಜೀವವಿತ್ತೆಂದು ಪುರಾಣವೇ ಒಪ್ಪಿಯಾಗಿದೆ.