ನೆಂಟಸ್ತನ, ಸಹವಾಸ ಮತ್ತು ಒಂದು ವೀಸಾ

ನೆಂಟನಾಗಿರುವುದು ಬೇರೆ, ಸಹವಾಸ ಮಾಡುವುದು ಬೇರೆ. ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆಯಿದೆಯೇ ಹೊರತು ನೆಂಟಸ್ತನದಿಂದ ಕೆಟ್ಟ ಎಂದು ಯಾರೂ ಹೇಳಿಲ್ಲ. ಸಿರಿಗೆರೆ, ಹೊಳಲ್ಕೆರೆ ಕಡೆಯ ಯಾವ ಅರಳಿಕಟ್ಟೆಯಲ್ಲಾದರೂ ತಕರಾರಿಲ್ಲದೆ ಒಪ್ಪುವ ಈ ಮಾತನ್ನು ಆಸ್ಟ್ರೇಲಿಯಾ ಸರ್ಕಾರಕ್ಕೆ ಒಪ್ಪಿಸಲು 2007ರಲ್ಲಿ ನ್ಯಾಯಾಲಯ ಎರಡು ಬಾರಿ ತೀರ್ಪು ಕೊಡಬೇಕಾಯಿತು. ಆ ವ್ಯಾಜ್ಯದ ಕೇಂದ್ರದಲ್ಲಿದ್ದವರು ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿದ ಡಾ. ಮೊಹಮ್ಮದ್ ಹನೀಫ್. ಅದೇ ವರ್ಷದ ಏಪ್ರಿಲ್‌ನಲ್ಲಿ ಪೂರ್ಣಚಂದ್ರ ತೇಜಸ್ವಿ ತೀರಿಕೊಂಡಾಗ ಪತ್ರಿಕೆಗಳಲ್ಲಿ ತುಂಬಿದ್ದ ಮೂಡಿಗೆರೆಯ ಹೆಸರು ಜುಲೈನಲ್ಲಿ ಮತ್ತೆ ಬಂದದ್ದು ಹೀಗೆ.

2007ರ ಜೂನ್ 30ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಗ್ಯಾಸ್ ಸಿಲಿಂಡರ್ ತುಂಬಿದ ಜೀಪೊಂದನ್ನು ನುಗ್ಗಿಸಲಾಯಿತು. ಜೀಪಿನಲ್ಲಿದ್ದ ಕಫೀಲ್ ಅಹ್ಮದ್ ಬೆಂಗಳೂರಿನವನು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದವನು. ಸುಟ್ಟ ಗಾಯಗಳಿಂದ ಆಗಸ್ಟ್ 2ರಂದು ಸತ್ತ. ಅವನೂ ಅವನ ಸಹೋದರ, ವೈದ್ಯ ಸಬೀಲ್‌ನೂ ಹನೀಫ್ ಅವರಿಗೆ ದಾಯಾದಿ ವರಸೆಯ ಬಂಧುಗಳು. 2006ರಲ್ಲಿ ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಸಬೀಲ್‌ಗೆ ಕೊಟ್ಟು ಬಂದಿದ್ದರು. ಅವರ ಮೇಲಿನ ಆರೋಪದ ಬಂಡವಾಳ ಇಷ್ಟೇ.

ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಹನೀಫ್ ಜುಲೈ 2ರ ರಾತ್ರಿ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ಆಗಷ್ಟೇ ಹುಟ್ಟಿದ್ದ ಮಗಳನ್ನು ನೋಡಲು ಬೆಂಗಳೂರಿಗೆ ಹೊರಟಿದ್ದರು. ಆರೋಪವನ್ನೇ ಹೊರಿಸದೆ ಹನ್ನೆರಡು ದಿನ ಇಟ್ಟುಕೊಂಡ ಪೊಲೀಸರು ಜುಲೈ 14ರಂದು ಮೊಕದ್ದಮೆ ಹೂಡಿದರು. 16ರಂದು ಮ್ಯಾಜಿಸ್ಟ್ರೇಟ್ ಹತ್ತು ಸಾವಿರ ಡಾಲರ್ ಖಾತರಿಯ ಮೇಲೆ ಜಾಮೀನು ಕೊಟ್ಟರು. ಅದಾದ ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರೂಸ್ ಅವರ ವೀಸಾ ರದ್ದು ಮಾಡಿದರು.

ಜಾಮೀನು ಕೊಡುವುದು ನ್ಯಾಯಾಲಯ, ವೀಸಾ ಕೊಡುವುದು ಸರ್ಕಾರ. ವೀಸಾ ಇಲ್ಲದವನು ಜೈಲಿನಿಂದ ಹೊರಬಂದರೆ ವಲಸೆ ಇಲಾಖೆಯ ಬಂಧನಕ್ಕೆ ಹೋಗಬೇಕು. ಹೀಗಾಗಿ ಜಾಮೀನು ಸಿಕ್ಕಿದರೂ ಅದರ ಹಣ ಕಟ್ಟದೆ ಹನೀಫ್ ಜೈಲಿನಲ್ಲೇ ಉಳಿದರು. ಮ್ಯಾಜಿಸ್ಟ್ರೇಟರ ಆದೇಶಕ್ಕೆ ಅರ್ಥವೇ ಉಳಿಯಲಿಲ್ಲ.

ವಲಸೆ ಕಾಯ್ದೆಯ 501ನೇ ಕಲಮು ಹೇಳುವುದು ನಡತೆಯ ಪರೀಕ್ಷೆಯನ್ನು. ಅಪರಾಧ ಕೃತ್ಯದಲ್ಲಿ ತೊಡಗಿದ್ದಾನೆಂದು ಸಚಿವರಿಗೆ ಸಕಾರಣ ಅನುಮಾನವಿರುವ ವ್ಯಕ್ತಿಯ ಜೊತೆ ‘ಅಸೋಸಿಯೇಷನ್’ ಇದ್ದರೆ ಆ ಪರೀಕ್ಷೆಯಲ್ಲಿ ಫೇಲು. ಪುರಾವೆ ಬೇಕಿಲ್ಲ, ಅನುಮಾನ ಸಾಕು. ಸಚಿವರೇ ಖುದ್ದಾಗಿ ಹೀಗೆ ರದ್ದು ಮಾಡಿದಾಗ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ದಾರಿಯೂ ಇರಲಿಲ್ಲ. ಉಳಿದದ್ದು ನ್ಯಾಯಾಲಯ. ಅದಾದರೂ ವೀಸಾ ಕೊಡಬೇಕೋ ಬೇಡವೋ ಎಂದು ನೋಡುವುದಿಲ್ಲ. ಸಚಿವರ ತೀರ್ಮಾನ ಕಾನೂನಿನ ಪ್ರಕಾರ ಇದೆಯೇ ಎಂಬುದನ್ನಷ್ಟೇ ನೋಡುತ್ತದೆ. ಈ ಸೂಕ್ಷ್ಮ ಗೊತ್ತಿಲ್ಲದವರು ‘ನಾನು ಒಳ್ಳೆಯವನು’ ಎಂದು ಹತ್ತು ಪುಟ ಬರೆದುಕೊಟ್ಟರೂ ಪ್ರಯೋಜನವಿಲ್ಲ.

ಮೊದಲ ವಿಚಾರಣೆಯಲ್ಲಿ ಹನೀಫ್ ಜೊತೆ ವಕೀಲರಿರಲಿಲ್ಲ. ಆಮೇಲೆ ಬ್ರಿಸ್ಬೇನಿನ ಪೀಟರ್ ರುಸ್ಸೋ ಅವರ ಪರ ನಿಂತರು. ನ್ಯಾಯಾಲಯದಲ್ಲಿ ವಾದಿಸಲು ಹಿರಿಯ ವಕೀಲ ಸ್ಟೀಫನ್ ಕೀಮ್ ಬಂದರು. ಮೊದಲ ವಿಚಾರಣೆಯ ದಾಖಲೆ 142 ಪುಟಗಳಷ್ಟಿತ್ತು. ಕೀಮ್ ಅದನ್ನು ಪತ್ರಿಕೆಗೆ ಕೊಟ್ಟುಬಿಟ್ಟರು. ವಕೀಲರು ಹೀಗೆ ಮಾಡಬಹುದೇ ಎಂದು ಪೊಲೀಸ್ ಮುಖ್ಯಸ್ಥರು ದೂರಿತ್ತರು; ದೂರು ನಿಲ್ಲಲಿಲ್ಲ. ಕಟ್ಟುನಿಟ್ಟಿನವರು ಇದನ್ನು ಇಂದಿಗೂ ಒಪ್ಪಲಿಕ್ಕಿಲ್ಲ. ಆದರೆ ಸೋರಿಬಂದ ಅರೆಬರೆ ಸುದ್ದಿಗಳ ಎದುರು ಜನ ಪೂರ್ತಿ ಮಾತನ್ನು ಓದಿದ್ದು ಅದರಿಂದಲೇ. ಸಿಮ್ ಕಾರ್ಡ್ ಜೀಪಿನಲ್ಲಿ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಗಿತ್ತು. ಅದು ಸಿಕ್ಕಿದ್ದು ಗ್ಲಾಸ್ಗೋದಲ್ಲೇ ಅಲ್ಲ, ದೂರದ ಲಿವರ್‌ಪೂಲಿನಲ್ಲಿ, ಸಬೀಲ್ ಹತ್ತಿರ. ಜುಲೈ 27ರಂದು ಮೊಕದ್ದಮೆ ಹಿಂತೆಗೆದರು. 29ರಂದು ಹನೀಫ್ ಬೆಂಗಳೂರಿಗೆ ಬಂದಿಳಿದರು.

ಮೊಕದ್ದಮೆ ಬಿದ್ದರೂ ವೀಸಾ ಮರಳಲಿಲ್ಲ. ಹನೀಫ್ ಮನೆ ಸೇರಿದ ಮೇಲೂ ಅವರ ವಕೀಲರು ಫೆಡರಲ್ ನ್ಯಾಯಾಲಯದಲ್ಲಿ ಹಟ ಹಿಡಿದು ನಡೆಸಿದ್ದು ‘ಅಸೋಸಿಯೇಷನ್’ ಎಂಬ ಒಂದು ಪದದ ಮೇಲಿನ ಜಗಳ. ನೆಂಟಸ್ತನ, ಸ್ನೇಹ, ಪರಿಚಯ ಎಲ್ಲವೂ ಅದರೊಳಗೆ ಬರುತ್ತದೆ ಎಂಬುದು ಸಚಿವರ ಪಕ್ಷ. ಹಾಗಾದರೆ ಕೊಲೆ ಆರೋಪಿಗಳ ಪರ ವಾದಿಸಿದ್ದ ತಾನೂ ಈ ಪರೀಕ್ಷೆಯಲ್ಲಿ ಫೇಲಾಗುತ್ತೇನಲ್ಲ ಎಂದು ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್ ವಿಚಾರಣೆಯ ವೇಳೆ ಕೇಳಿದ್ದುಂಟು. ಈ ಅರ್ಥವನ್ನು ನಮ್ಮ ಸೀಮೆಗೆ ತಂದು ನೋಡಿ. ಚಿತ್ರದುರ್ಗ, ಸಿರಿಗೆರೆ ಕಡೆಯ ಹುಡುಗರು ಓದಲು ದಾವಣಗೆರೆಗೆ ಹೋಗುವುದು ಹಳೆಯ ರೂಢಿ. ಕಫೀಲ್ ಜೊತೆ ಒಂದೇ ಬೆಂಚಿನಲ್ಲಿ ಕೂತವನು, ನೋಟ್ಸ್ ಎರವಲು ಪಡೆದವನು, ಎಲ್ಲರೂ ನಡತೆಗೆಟ್ಟವರೇ! ಆಗಸ್ಟ್ 21ರಂದು ಸ್ಪೆಂಡರ್ ತೀರ್ಪಿತ್ತರು: ಬರಿಯ ನಂಟು ಸಾಲದು, ಆ ಕೃತ್ಯದ ಕಡೆಗೆ ಒಲವೋ ಬೆಂಬಲವೋ ಪಾಲೋ ಇರಬೇಕು, ಸಚಿವರು ಕಾನೂನನ್ನು ತಪ್ಪಾಗಿ ಓದಿದ್ದಾರೆ. ರದ್ದತಿಯೇ ರದ್ದಾಯಿತು. ಸರ್ಕಾರದ ಮೇಲ್ಮನವಿಯನ್ನು ಡಿಸೆಂಬರ್ 21ರಂದು ಪೂರ್ಣಪೀಠ ವಜಾ ಮಾಡಿತು. ಅಷ್ಟರಲ್ಲಿ ಚುನಾವಣೆಯಾಗಿ ಬಂದಿದ್ದ ಹೊಸ ಸರ್ಕಾರ ಮುಂದಕ್ಕೆ ಹೋಗಲಿಲ್ಲ. ಮೊಕದ್ದಮೆ ಹೂಡಲೇಬಾರದಿತ್ತು ಎಂದು 2008ರಲ್ಲಿ ಜಾನ್ ಕ್ಲಾರ್ಕ್ ವಿಚಾರಣಾ ವರದಿ ಹೇಳಿತು. 2010ರ ಡಿಸೆಂಬರಿನಲ್ಲಿ ಪರಿಹಾರದ ಒಪ್ಪಂದವಾಯಿತು.

ಒಂದು ಪದದ ಅರ್ಥದಲ್ಲಿ ಆಸ್ಟ್ರೇಲಿಯಾದ ವಲಸೆ ಅಧಿಕಾರಿಗಳು ಸೋತದ್ದು ಇದೇ ಮೊದಲಲ್ಲ. ಬಿಳಿಯರಲ್ಲದವರನ್ನು ಹೊರಗಿಡಲು 1901ರ ಕಾಯ್ದೆ ಯಾವುದಾದರೊಂದು ಯುರೋಪಿಯನ್ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಬರೆಸುತ್ತಿತ್ತು. 1934ರಲ್ಲಿ ಹಿಟ್ಲರ್ ವಿರುದ್ಧ ಭಾಷಣ ಮಾಡಲು ಬಂದ ಪ್ರಾಗ್ ನಗರದ ಲೇಖಕ ಎಗಾನ್ ಕಿಶ್ ಅವರನ್ನು ಇಳಿಯಗೊಡಲಿಲ್ಲ. ಆತ ಮೆಲ್ಬರ್ನಿನಲ್ಲಿ ಹಡಗಿನಿಂದ ಧುಮುಕಿ ಕಾಲು ಮುರಿದುಕೊಂಡ. ಹಲವು ಭಾಷೆ ಬಲ್ಲ ಆತನಿಗೆ ಸಿಡ್ನಿಯಲ್ಲಿ ಉಕ್ತಲೇಖನ ಕೊಟ್ಟದ್ದು ಸ್ಕಾಟಿಷ್ ಗೇಲಿಕ್ಕಿನಲ್ಲಿ! ವಕೀಲರು ಹೈಕೋರ್ಟಿಗೆ ಹೋದರು. ಕಾಯ್ದೆ ಹೇಳುವ ಅರ್ಥದಲ್ಲಿ ಅದು ಯುರೋಪಿಯನ್ ಭಾಷೆಯಲ್ಲ ಎಂದು ತೀರ್ಪು ಬಂತು. ಸ್ಕಾಟ್ಲೆಂಡ್ ಮೂಲದವರಿಗೆ ಸಿಟ್ಟು ಬಂದದ್ದು ಬೇರೆ ಮಾತು. ಆ ಪರೀಕ್ಷೆ 1958ರಲ್ಲಿ ರದ್ದಾಯಿತು.

ಕಿಶ್‌ಗೂ ಹನೀಫ್‌ಗೂ ಅಲ್ಲಿನ ನ್ಯಾಯಾಲಯದ ಬಾಗಿಲು ಕೈಗೆಟುಕುವಷ್ಟು ಹತ್ತಿರವಿತ್ತು. ಊರಿನಲ್ಲೇ ಕೂತು ಅರ್ಜಿ ಹಾಕಿ ನಿರಾಕರಣೆ ಪಡೆದವರ ಪಾಡು ಇಷ್ಟು ಸಲೀಸಲ್ಲ. ಅಮೆರಿಕದಲ್ಲಿ ಕಾನ್ಸುಲ್ ಅಧಿಕಾರಿಯ ತೀರ್ಮಾನದಲ್ಲಿ ನ್ಯಾಯಾಲಯಗಳು ಬಹುತೇಕ ಕೈಹಾಕುವುದಿಲ್ಲ. ಅರ್ಜಿದಾರರು ಅಲ್ಲಿನ ಪ್ರಜೆಯ ಗಂಡನೋ ಹೆಂಡತಿಯೋ ಆಗಿದ್ದರೂ ಅಷ್ಟೇ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿತು. ನಮ್ಮ ಸುಪ್ರೀಂ ಕೋರ್ಟೂ 1955ರ ಹ್ಯಾನ್ಸ್ ಮುಲ್ಲರ್ ಪ್ರಕರಣದಲ್ಲಿ ವಿದೇಶಿಯರನ್ನು ಹೊರಹಾಕುವ ಸರ್ಕಾರದ ಅಧಿಕಾರಕ್ಕೆ ಮಿತಿಯಿಲ್ಲವೆಂದೇ ಹೇಳಿದೆ.

ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯಕ್ಕೆ ವೀಸಾ ತೀರ್ಮಾನದ ವಿರುದ್ಧ ಹೋಗಲು ಈಗ ಇರುವ ಗಡುವು 35 ದಿನ. ಆದ್ದರಿಂದ ವಕೀಲರು ಮೊದಲು ಕೇಳುವುದು ನಿರಾಕರಣೆಯ ಪತ್ರವನ್ನು: ಅದರಲ್ಲಿರುವ ತಾರೀಖು ಯಾವುದು, ಕಲಮು ಯಾವುದು.