ಹುಬ್ಬಳ್ಳಿ ವಿಮಾನ ಮತ್ತ ನಮ್ಮ ಅಂಜಿಕಿ

ಅಕ್ಕ-ತಂಗ್ಯಾರ, ತಿರುಗಾಡೂದಂದ್ರ ನಮಗೆಲ್ಲಾ ಜೀವ. ಪಂಢರಪುರ, ಕಾಶಿ, ರಾಮೇಶ್ವರ ಅಂದ್ರ ಸಾಕು, ಬುತ್ತಿ ಕಟ್ಟಿಕೊಂಡು ತಯಾರ. ವಿಮಾನ ಅಂದಕೂಡ್ಲೇ ಮಾತ್ರ "ನಾ ಒಲ್ಲೆ ಯವ್ವಾ" ಅಂತೇವಿ. ಶಿರಹಟ್ಟಿಯವರು ರೈಲು ಹಿಡಿಯಾಕನ ಗದಗಿಗೆ ಹೋಗೂ ಮಂದಿ, ವಿಮಾನದ ರೂಢಿ ಎಲ್ಲಿಂದ ಬರಬೇಕು? ಅದಕ್ಕ ನಮ್ಮ ಹತ್ತರದ ಹುಬ್ಬಳ್ಳಿ ವಿಮಾನದ ಕಥಿ ಬರದೇನಿ.

ಗೋಕುಲ ರೋಡಿನ ವಿಮಾನ ನಿಲ್ದಾಣ 1974ರಾಗ ಆದದ್ದು. ಆದ್ರ ಭಾಳ ವರ್ಷ ನಮ್ಮಂಥವರ ಪಾಲಿಗೆ ಅದು ದೂರದ ಮಾತು. 2003ರಾಗ ಗೊರೂರಿನ ಕ್ಯಾಪ್ಟನ್ ಗೋಪಿನಾಥ ಅವರು ಏರ್ ಡೆಕ್ಕನ್ ಶುರು ಮಾಡಿದ್ರು. ಸಾಮಾನ್ಯ ಮಂದಿನೂ ಹಾರಬೇಕು ಅನ್ನೂದು ಅವರ ಹಟ. ಕೆಲವು ಟಿಕೀಟು ಒಂದು ರೂಪಾಯಿಗೂ ಕೊಟ್ರು. ಅವರ ಮೊದಮೊದಲಿನ ದಾರಿಯೊಳಗ ಬೆಂಗಳೂರು-ಹುಬ್ಬಳ್ಳಿನೂ ಒಂದು. ರೊಕ್ಕದ ಅಡ್ಡಿ ಕಡಿಮಿ ಆತು, ಅಂಜಿಕಿ ಉಳೀತು.

ಆ ಅಂಜಿಕಿ ಬರೇ ಮನಸಿನ ಆಟ ಅಲ್ರಿ. 2015ರ ಮಾರ್ಚ್ 8ರಂದು ಮಳಿಯೊಳಗ, ಬೆಂಗಳೂರಿಂದ ಬಂದ ವಿಮಾನ ಹುಬ್ಬಳ್ಳಿಯೊಳಗ ಇಳಿದು ರನ್‌ವೇ ಬಿಟ್ಟು ಪಕ್ಕಕ್ಕ ಸರೀತು. ಒಳಗ 78 ಪ್ರಯಾಣಿಕರು, 4 ಸಿಬ್ಬಂದಿ. ವಿಮಾನ ವಾಲಿದ್ದನ್ನ ನಾವು ನೆನಪಿಟ್ಟೇವಿ, ಅಷ್ಟೂ 82 ಮಂದಿ ಜೀವಂತ ಹೊರಗ ಬಂದದ್ದನ್ನ ಮರತೇವಿ. 2017ರ ಡಿಸೆಂಬರದಾಗ ಹೊಸ ಟರ್ಮಿನಲ್ ಶುರು ಆತು. ರನ್‌ವೇ ಈಗ 2,600 ಮೀಟರ್ ಉದ್ದ ಐತಿ, ದೊಡ್ಡ ವಿಮಾನನೂ ಬರ್ತಾವ.

ನನ್ನ ಮಗಳಿಗೆ ದಿಲ್ಲಿಯೊಳಗ ದಿನ ತುಂಬೂ ಮೊದಲಾ ಹೆರಿಗಿ ಆತು. ರೈಲಿಗೆ ಹೋದ್ರ ಎರಡು ರಾತ್ರಿ. ಅಂಜಿಕೋತನ ವಿಮಾನ ಹತ್ತಿದೆ.

ನನಗ ಉಪಯೋಗ ಆದದ್ದು ಹೇಳ್ತೇನಿ. ರೆಕ್ಕಿ ಹತ್ತರದ ಸೀಟು ಕೇಳ್ರಿ, ಅಲ್ಲಿ ಕುಲುಕಾಟ ಕಡಿಮಿ. ಕುಲುಕಾಟ ಅಂದ್ರ ಗಾಳಿಯ ಏರಿಳಿತ, ತಗ್ಗಿನ ರಸ್ತಾದಾಗ ಬಸ್ಸು ಎತ್ತಿಹಾಕಿದಂಗ. ರೆಕ್ಕಿ ಬಾಗೂದು ನೋಡಿ ಗಾಬರಿ ಆಗಬ್ಯಾಡ್ರಿ, ಬಾಗಲಿ ಅಂತನ ಹಂಗ ಮಾಡಿರ್ತಾರ. ಇಳಿಯೂಮುಂದ ಕಿವಿ ಕಟ್ಟಿದ್ರ ಪೆಪ್ಪರಮಿಂಟು ಚೀಪ್ರಿ, ಉಗುಳು ನುಂಗ್ರಿ. ಗಗನಸಖಿಗೆ ಮೊದಲಾ "ನನಗ ಅಂಜಿಕಿ ಆಗ್ತದವ್ವಾ" ಅಂತ ಹೇಳ್ರಿ, ನಾಚಬ್ಯಾಡ್ರಿ. ನನ್ನ ಹತ್ತರ ಆ ಹುಡುಗಿ ಎರಡು ಸಲ ಬಂದು ಮಾತಾಡಿಸಿದ್ಲು.

ಅಂಜಿಕಿ ಇನ್ನೂ ಐತಿ. ಅದು ಪೂರಾ ಹೋಗಲಿ ಅಂತ ಕಾದಿದ್ರ, ಮೊಮ್ಮಗನ್ನ ತೊಟ್ಟಿಲಕ್ಕ ಹಾಕೂದು ನಾ ಇಲ್ದನ ಮುಗಿದಿರ್ತಿತ್ತು.