ಕಷ್ಟಕ್ಕೆ ಎರಡು ಲೆಕ್ಕ

ಸ್ಪೇನ್ ಮತ್ತು ಪೋರ್ಚುಗಲ್ ಒಂದೇ ಪರ್ಯಾಯದ್ವೀಪದಲ್ಲಿ ಬೆನ್ನಿಗೆ ಬೆನ್ನು ತಾಗಿಸಿಕೊಂಡಿರುವ ದೇಶಗಳು. ದಶಕಗಟ್ಟಲೆ ಎರಡೂ ಕಡೆ ಸರ್ವಾಧಿಕಾರವಿತ್ತು. ಪೋರ್ಚುಗಲ್ಲಿನಲ್ಲಿ 1974ರ ಏಪ್ರಿಲ್ 25ರಂದು ಸೇನೆಯ ಅಧಿಕಾರಿಗಳೇ ಅದನ್ನು ಕಿತ್ತೊಗೆದರು. ಸ್ಪೇನಿನಲ್ಲಿ 1975ರ ನವೆಂಬರಿನಲ್ಲಿ ಸರ್ವಾಧಿಕಾರಿ ಫ್ರಾಂಕೋ ತೀರಿಕೊಂಡ ಮೇಲೆ ಅದು ಹಂತಹಂತವಾಗಿ ಕಳಚಿಕೊಂಡಿತು. 1986ರ ಜನವರಿ 1ರಂದು ಎರಡೂ ಜೊತೆಯಾಗಿ ಯುರೋಪಿಯನ್ ಆರ್ಥಿಕ ಸಮುದಾಯ ಸೇರಿದವು, 1999ರಲ್ಲಿ ಜೊತೆಯಾಗಿ ಯೂರೋ ಒಪ್ಪಿಕೊಂಡವು. ಕಾಯಂ ನೌಕರನನ್ನು ಕೆಲಸದಿಂದ ತೆಗೆಯುವುದು ಎರಡೂ ಕಡೆ ಕಷ್ಟವಾಗಿತ್ತು. ಕಾನೂನು ಅಷ್ಟು ಬಿಗಿಯಾಗಿತ್ತು. ಹೀಗಿದ್ದೂ 1994ರಲ್ಲಿ ಸ್ಪೇನಿನ ನಿರುದ್ಯೋಗ ದರ ಶೇ 24ರ ಹತ್ತಿರವಿತ್ತು, ಪೋರ್ಚುಗಲ್ಲಿನದು ಶೇ 7ರ ಸುತ್ತಮುತ್ತ. ಮರುವರ್ಷ ಅರ್ಥಶಾಸ್ತ್ರಜ್ಞರಾದ ಒಲಿವಿಯೆ ಬ್ಲಾಂಷಾರ್ ಮತ್ತು ಹುವಾನ್ ಹಿಮೆನೋ ಈ ಒಗಟನ್ನೇ ಹಿಡಿದು ಪ್ರಬಂಧ ಬರೆದರು. ಈ ಅಂತರ ಕಂಡವರು ಪೋರ್ಚುಗಲ್ ಗೆದ್ದಿತು, ಸ್ಪೇನ್ ಸೋತಿತು ಎಂದುಬಿಡುವುದು ಸುಲಭ. ಇತಿಹಾಸ ಹಾಗೆ ಹೇಳುವುದಿಲ್ಲ. ನಿರುದ್ಯೋಗ ದರ ಒಂದು ದೇಶದ ಕಷ್ಟ ಎಷ್ಟೆಂದು ಹೇಳುವುದಕ್ಕಿಂತ, ಆ ಕಷ್ಟವನ್ನು ದೇಶ ಯಾರ ಹೆಗಲಿಗೆ, ಯಾವ ರೂಪದಲ್ಲಿ ಹೊರಿಸಿತು ಎಂಬುದನ್ನು ಹೇಳುತ್ತದೆ.

ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು ಎರಡೂ ದೇಶಗಳನ್ನು ಅವುಗಳ ರಾಜಕೀಯ ನಡುಗುತ್ತಿದ್ದ ಹೊತ್ತಿನಲ್ಲೇ ಹಿಡಿಯಿತು. ಸ್ಪೇನಿನಲ್ಲಿ ಫ್ರಾಂಕೋ ಕಾಲದ ಕಾರ್ಖಾನೆಗಳು ಸರ್ಕಾರದ ಆಸರೆಯಲ್ಲಿ ನಿಂತಿದ್ದವು. ಸಂಘಟನೆಯ ಸ್ವಾತಂತ್ರ್ಯ ಸಿಕ್ಕ ಕಾರ್ಮಿಕರ ಸಂಬಳ ಏರಿತು, ಬೆಲೆಗಳೂ ಏರಿದವು. 1977ರ ಮೊಂಕ್ಲೋವಾ ಒಪ್ಪಂದದಲ್ಲಿ ಪಕ್ಷಗಳೆಲ್ಲ ಸೇರಿ ಹಣದುಬ್ಬರಕ್ಕೆ ಮೂಗುದಾರ ಹಾಕಲು ಹೊರಟವು. ಎಂಬತ್ತರ ದಶಕದಲ್ಲಿ ಫೆಲಿಪೆ ಗೊನ್ಸಾಲೆಸ್ ಸರ್ಕಾರ ಉಕ್ಕು, ಹಡಗುಕಟ್ಟೆಗಳಂಥ ನಷ್ಟದ ಉದ್ಯಮಗಳನ್ನು ಕುಗ್ಗಿಸಿತು. ವಲೆನ್ಸಿಯಾ ಬಳಿಯ ಸಗುಂತೋದಲ್ಲಿ ಊರಿಗೆ ಊರೇ ಬೀದಿಗಿಳಿದರೂ ಕಬ್ಬಿಣದ ಕುಲುಮೆ ಆರಿತು. ಹಳ್ಳಿ ಬಿಟ್ಟು ಬಂದವರಿಗೆ ನಗರದಲ್ಲಿ ಕೆಲಸವಿಲ್ಲ; ಜರ್ಮನಿ, ಫ್ರಾನ್ಸ್‌ಗಳಲ್ಲಿ ದುಡಿಯುತ್ತಿದ್ದವರೂ ಅಲ್ಲಿನ ಬಾಗಿಲು ಮುಚ್ಚಿದ್ದರಿಂದ ಮರಳತೊಡಗಿದ್ದರು. ಒಂದೇ ದಶಕದಲ್ಲಿ ಸುಮಾರು 20 ಲಕ್ಷ ಕೆಲಸಗಳು ಮಾಯವಾದವು. ಎಪ್ಪತ್ತರ ನಡುವಿನಲ್ಲಿ ಶೇ 5ರ ಆಸುಪಾಸಿನಲ್ಲಿದ್ದ ನಿರುದ್ಯೋಗ 1985ರ ಹೊತ್ತಿಗೆ ಶೇ 20 ದಾಟಿತ್ತು.

ಪೋರ್ಚುಗಲ್ಲಿನ ಪಾಡು ಇದಕ್ಕಿಂತ ಹಗುರವಾಗಿತ್ತು ಎನ್ನುವಂತಿಲ್ಲ. ವಸಾಹತುಗಳಾದ ಅಂಗೋಲಾ, ಮೊಸಾಂಬಿಕ್ ಕೈತಪ್ಪಿದಾಗ ಅಲ್ಲಿಂದ 5 ಲಕ್ಷಕ್ಕೂ ಹೆಚ್ಚು ಜನ ಒಂದೆರಡು ವರ್ಷದೊಳಗೆ ತಾಯ್ನಾಡಿಗೆ ಬಂದಿಳಿದರು. ಆಗ ಆ ದೇಶದ ಜನಸಂಖ್ಯೆ 1 ಕೋಟಿಯೂ ಇರಲಿಲ್ಲ. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಎಪ್ಪತ್ತರ ದಶಕದ ಕೊನೆಯಲ್ಲೊಮ್ಮೆ, 1983ರಲ್ಲಿ ಮತ್ತೊಮ್ಮೆ ಕೈಚಾಚಬೇಕಾಯಿತು. ಆದರೆ ಹೊಡೆತ ಬಿದ್ದ ಜಾಗ ಬೇರೆ. ದೇಶದ ನಾಣ್ಯವಾದ ಎಸ್ಕುಡೋದ ಬೆಲೆಯನ್ನು ತಿಂಗಳಿಂದ ತಿಂಗಳಿಗೆ ಇಳಿಸುತ್ತ ಹೋದರು. 1984ರಲ್ಲಿ ಬೆಲೆಯೇರಿಕೆ ಶೇ 30ರ ಹತ್ತಿರ ಬಂದಿತ್ತು, ಸಂಬಳ ಅದರ ಹಿಂದೆ ಓಡಲಾರದೆ ಉಳಿಯಿತು. ಕೆಲಸ ಉಳಿದರೂ ಕೆಲಸದ ಬೆಲೆ ಕರಗಿತು. ಅದಕ್ಕೂ ಮಿಗಿಲಾದ ಒಂದು ಪದ್ಧತಿ ಅಲ್ಲಿ ಹಬ್ಬಿತು. ಕೆಲಸದವರನ್ನು ತೆಗೆಯಲಾಗದ ಮಾಲೀಕರು ತಿಂಗಳುಗಟ್ಟಲೆ ಸಂಬಳವನ್ನೇ ಕೊಡದೆ ಬಾಕಿ ಉಳಿಸಿಕೊಂಡರು. ಸೆತೂಬಲ್ ಸುತ್ತಿನ ಕೈಗಾರಿಕಾ ಪ್ರದೇಶದಲ್ಲಿ, ಗಾಜಿನ ಕಾರ್ಖಾನೆಗಳ ಊರು ಮರೀನ್ಯಾ ಗ್ರಾಂದೆಯಲ್ಲಿ ಕಾರ್ಮಿಕರು ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಿ ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದರು. ಈ ಬಾಕಿ ಸಂಬಳದ ಪಿಡುಗಿಗೆಂದೇ 1986ರಲ್ಲಿ ಕಾನೂನು ತರಬೇಕಾಯಿತು. ಸಂಬಳವಿಲ್ಲದೆ ದುಡಿದ ಈ ಜನರೆಲ್ಲ ಅಂಕಿಅಂಶದ ಕಣ್ಣಿಗೆ ಉದ್ಯೋಗಸ್ಥರೇ. ಸ್ಪೇನಿನಲ್ಲಿ ಕೆಲಸ ಕಳೆದುಕೊಂಡವನು ನಿರುದ್ಯೋಗಿಯೆಂದು ಎಣಿಕೆಗೆ ಬಂದ, ಪೋರ್ಚುಗಲ್ಲಿನಲ್ಲಿ ಸಂಬಳ ಕಳೆದುಕೊಂಡವನು ಎಣಿಕೆಗೇ ಬರಲಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಕಾನೂನಿನ ಕಡೆಯಿಂದ ಬರುತ್ತದೆ: ಸ್ಪೇನಿನ ಕಾರ್ಮಿಕ ಕಾನೂನು ಅತಿ ಬಿಗಿಯಾದ್ದರಿಂದಲೇ ಅಲ್ಲಿ ಮಾಲೀಕರು ಹೊಸಬರನ್ನು ಸೇರಿಸಿಕೊಳ್ಳಲಿಲ್ಲವಲ್ಲವೇ? ಬಿಗಿತವೊಂದೇ ಕಾರಣವಾಗಿದ್ದರೆ ಪೋರ್ಚುಗಲ್ಲಿನ ದರ ಇನ್ನೂ ಮೇಲಿರಬೇಕಿತ್ತು. ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿಯ ತೊಂಬತ್ತರ ದಶಕದ ಪಟ್ಟಿಗಳಲ್ಲಿ ಆ ದೇಶ ಅತ್ಯಂತ ಬಿಗಿ ಕಾನೂನಿನ ದೇಶಗಳ ಸಾಲಿನಲ್ಲಿತ್ತು. ವ್ಯತ್ಯಾಸ ತಂದದ್ದು ಬಿಗಿತದ ಪಕ್ಕದಲ್ಲಿ ತೆರೆದ ಕಿಂಡಿ. 1984ರಲ್ಲಿ ಸ್ಪೇನ್ ಕಾಯಂ ನೌಕರರ ರಕ್ಷಣೆಯನ್ನು ಹಾಗೇ ಬಿಟ್ಟು ಟೆಂಪರರಿ ನೇಮಕಾತಿಗೆ ದಾರಿ ಸಲೀಸು ಮಾಡಿತು. ತೊಂಬತ್ತರ ದಶಕದ ಆರಂಭಕ್ಕೆ ಸಂಬಳಕ್ಕೆ ದುಡಿಯುವ ಮೂವರಲ್ಲಿ ಒಬ್ಬರು ಅಂಥ ಗುತ್ತಿಗೆಯವರು. ಸುಗ್ಗಿಯಲ್ಲಿ ಸೇರಿಸಿಕೊಂಡು ಬರದಲ್ಲಿ ಕಳಿಸುವ ವ್ಯವಸ್ಥೆ ಅದು. ಯುವಕರು, ಹೆಂಗಸರು ಅದರ ಮೊದಲ ಬಲಿ. ನಿರುದ್ಯೋಗ ಭತ್ಯೆಯೂ ಸ್ಪೇನಿನಲ್ಲಿ ಹೆಚ್ಚು ವಿಸ್ತಾರವಾಗಿತ್ತು. ಆಂಡಲೂಸಿಯಾ ಮತ್ತು ಎಕ್ಸ್ಟ್ರೆಮದುರಾದ ಕೃಷಿಕೂಲಿಗಳಿಗೆಂದು 1984ರಲ್ಲಿ ಬೇರೆಯೇ ಭತ್ಯೆ ಬಂದಿತ್ತು. ಕೆಲಸವಿಲ್ಲದೆ ಒಂದಷ್ಟು ಕಾಲ ಬದುಕಲು ಸಾಧ್ಯವಿರುವಲ್ಲಿ ಜನ ನಿರುದ್ಯೋಗಿಗಳಾಗಿ ಉಳಿಯುತ್ತಾರೆ. ಅದಿಲ್ಲದಲ್ಲಿ ಸಿಕ್ಕ ಕೂಲಿಗೆ ಒಗ್ಗಿಕೊಳ್ಳುತ್ತಾರೆ, ಇಲ್ಲವೇ ಗಡಿ ದಾಟುತ್ತಾರೆ. ಇವತ್ತು ಲಕ್ಸೆಂಬರ್ಗ್ ನಿವಾಸಿಗಳಲ್ಲಿ ಸುಮಾರು ಶೇ 13ರಷ್ಟು ಮಂದಿ ಪೋರ್ಚುಗೀಸರು ಎಂಬುದು ಆ ಗಡಿ ದಾಟುವಿಕೆಯ ಫಲ.

ಎರಡನೆಯ ಆಕ್ಷೇಪ ಲೆಕ್ಕದ ಮೇಲೆಯೇ: ಸ್ಪೇನಿನಲ್ಲಿ ಗುಟ್ಟಾಗಿ ದುಡಿಯುವವರು ಬಹಳ, ಹಾಗಾಗಿ ಶೇ 24 ಎಂಬುದು ಉಬ್ಬಿಸಿದ ಸಂಖ್ಯೆ. ಇದರಲ್ಲಿ ಸ್ವಲ್ಪ ಹುರುಳಿದೆ. ಯುರೋಪಿಯನ್ ಒಕ್ಕೂಟದ ಅಂಕಿಅಂಶ ಕಚೇರಿ ಯುರೋಸ್ಟ್ಯಾಟ್ ಎಲ್ಲ ಸದಸ್ಯ ದೇಶಗಳಿಗೂ ಒಂದೇ ಅಳತೆ ಇಟ್ಟಿದೆ. ಸಮೀಕ್ಷೆಯ ವಾರದಲ್ಲಿ ಒಂದು ಗಂಟೆಯೂ ದುಡಿದಿರಬಾರದು, ಹಿಂದಿನ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿರಬೇಕು, ಎರಡು ವಾರದೊಳಗೆ ಸೇರಲು ಸಿದ್ಧರಿರಬೇಕು. ಉದ್ಯೋಗ ಕಚೇರಿಯಲ್ಲಿ ಹೆಸರು ಬರೆಸಿದ ಮಾತ್ರಕ್ಕೆ ಹುಡುಕಿದಂತಾಗದು ಎಂಬ ಬಿಗಿ ವ್ಯಾಖ್ಯೆಯನ್ನು ಸ್ಪೇನ್ ಈ ಶತಮಾನದ ಆರಂಭದಲ್ಲಿ ಒಪ್ಪಿಕೊಂಡಾಗ ಅದರ ದರ ಎರಡಕ್ಕೂ ಹೆಚ್ಚು ಅಂಶ ಇಳಿದದ್ದುಂಟು. ಆದರೆ ಎರಡು ಅಂಶದ ತಿದ್ದುಪಡಿ ಹದಿನೇಳು ಅಂಶದ ಕಂದಕವನ್ನು ಮುಚ್ಚುವುದಿಲ್ಲ. ಅದೂ ಅಲ್ಲದೆ ಸ್ಪೇನಿನ ದರದ ಏರಿಕೆಯಲ್ಲಿ ಒಂದು ಪಾಲು ಪ್ರಗತಿಯ ಗುರುತು. ಸ್ಪೇನಿನಲ್ಲಿ 1975ರವರೆಗೆ ಮದುವೆಯಾದ ಹೆಣ್ಣು ಕೆಲಸಕ್ಕೆ ಸೇರಲು ಗಂಡನ ಒಪ್ಪಿಗೆ ಬೇಕಿತ್ತು. ಆ ಕಟ್ಟು ಸಡಿಲವಾದ ಮೇಲೆ ಹೆಂಗಸರು ಕೆಲಸ ಹುಡುಕಿ ಹೊರಬಂದರು, ಸಿಗದಿದ್ದಾಗ ನಿರುದ್ಯೋಗಿಗಳ ಪಟ್ಟಿ ಸೇರಿದರು. ಮನೆಯೊಳಗೇ ಇದ್ದಿದ್ದರೆ ದರ ಚಂದವಾಗಿಯೇ ಕಾಣುತ್ತಿತ್ತು. ಪೋರ್ಚುಗಲ್ಲಿನಲ್ಲಿ ಗಂಡಸರು 1961ರಿಂದ ಆಫ್ರಿಕಾದ ಯುದ್ಧಗಳಿಗೂ ಫ್ರಾನ್ಸಿನ ಕೂಲಿಗೂ ಹೋಗಿದ್ದರಿಂದ ಹೆಂಗಸರು ಆಗಲೇ ಕಾರ್ಖಾನೆ, ಕಚೇರಿಗಳಲ್ಲಿ ಜಾಗ ಹಿಡಿದಿದ್ದರು.

ಈ ವಾದವನ್ನು ಒರೆಗೆ ಹಚ್ಚಲು ಯೂರೋ ಬಂದ ನಂತರದ ವರ್ಷಗಳಿವೆ. 2007ರಲ್ಲಿ ಎರಡೂ ದೇಶಗಳ ದರ ಶೇ 8ರ ಆಸುಪಾಸಿನಲ್ಲಿ ಸಂಧಿಸಿದವು. ಹೋಲಿಕೆ ಹೊರಗಿನದು ಮಾತ್ರ: ಸ್ಪೇನಿನಲ್ಲಿ ಮನೆ ಕಟ್ಟುವ ಹುಚ್ಚು ಏರಿ ದುಡಿಯುವ ಎಂಟು ಜನರಲ್ಲಿ ಒಬ್ಬರು ಕಟ್ಟಡ ಕೆಲಸದಲ್ಲಿದ್ದರೆ, ಪೋರ್ಚುಗಲ್ ವರ್ಷಗಳಿಂದ ಬೆಳವಣಿಗೆಯಿಲ್ಲದೆ ಸೊರಗಿತ್ತು. ಗುಳ್ಳೆ ಒಡೆದಾಗ ಸ್ಪೇನಿನ ಗುತ್ತಿಗೆಯವರು ಮೊದಲು ಹೊರಬಿದ್ದರು, 2013ರಲ್ಲಿ ದರ ಶೇ 26 ಮುಟ್ಟಿತು. ಈ ಸಲ ಪೋರ್ಚುಗಲ್ಲಿನದೂ ಶೇ 17ರವರೆಗೆ ಏರಿತು. ಎಸ್ಕುಡೋ ಇಲ್ಲದ ಮೇಲೆ ಬೆಲೆಯೇರಿಕೆಯ ಮೂಲಕ ಸಂಬಳ ಕರಗಿಸುವ ಹಳೆಯ ದಾರಿ ಮುಚ್ಚಿತ್ತು. ಅಲ್ಲಿಯವರೆಗೆ ಸಂಬಳದಲ್ಲಿ ಅಡಗುತ್ತಿದ್ದ ಕಷ್ಟ ನಿರುದ್ಯೋಗವಾಗಿ ಬಯಲಿಗೆ ಬಂತು. ಉಳಿದದ್ದು ವಲಸೆಯ ದಾರಿ. ಆ ವರ್ಷಗಳಲ್ಲಿ ವರ್ಷಕ್ಕೆ ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟರು.

ಹಾಗಾದರೆ ಇಂಥ ಹೋಲಿಕೆಯೇ ವ್ಯರ್ಥ ಎನ್ನಬಹುದೇ? ಇಲ್ಲ. ಒಂದೇ ಅಳತೆ ಇಲ್ಲದಿದ್ದರೆ ಈ ಅಂತರ ಕಣ್ಣಿಗೇ ಬೀಳುತ್ತಿರಲಿಲ್ಲ, ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ. ದರವನ್ನು ಒಂಟಿಯಾಗಿ ಓದುವುದು ತಪ್ಪು. ಬ್ಲಾಂಷಾರ್ ಅವರೇ ಮುಂದೆ 2001ರಲ್ಲಿ ಪೆದ್ರೋ ಪೋರ್ಚುಗಲ್ ಎಂಬ ಅರ್ಥಶಾಸ್ತ್ರಜ್ಞರ ಜೊತೆಗೂಡಿ ತೋರಿಸಿದಂತೆ, ಅಮೆರಿಕದ ದರವೂ ಪೋರ್ಚುಗಲ್ಲಿನ ದರವೂ ಸಮವಾಗಿದ್ದಾಗಲೂ ಪೋರ್ಚುಗಲ್ಲಿನ ನಿರುದ್ಯೋಗಿ ಮೂರು ಪಟ್ಟು ಹೆಚ್ಚು ಕಾಲ ಕೆಲಸವಿಲ್ಲದೆ ಕಾಯಬೇಕಿತ್ತು. ದರದ ಪಕ್ಕದಲ್ಲಿ ಕೆಲಸದಲ್ಲಿರುವವರ ಪ್ರಮಾಣ, ಸಂಬಳದ ನಿಜಬೆಲೆ, ಕಾಯುವ ಅವಧಿ, ದೇಶ ಬಿಟ್ಟವರ ಸಂಖ್ಯೆ ಇವಿಷ್ಟನ್ನೂ ಇಟ್ಟು ನೋಡಿದಾಗ ಮಾತ್ರ ಹೋಲಿಕೆಗೆ ಅರ್ಥ. 2021ರ ಕೊನೆಯಲ್ಲಿ ಸ್ಪೇನ್ ಗುತ್ತಿಗೆ ನೇಮಕಾತಿಗೆ ಕಡಿವಾಣ ಹಾಕಿದ ಮೇಲೆ ಟೆಂಪರರಿ ನೌಕರರ ಪಾಲು ಗಣನೀಯವಾಗಿ ತಗ್ಗಿದೆ. ಆದರೂ 2024ರಲ್ಲಿ ಅದರ ನಿರುದ್ಯೋಗ ದರ ಶೇ 11ರ ಹತ್ತಿರವಿದ್ದರೆ ಪೋರ್ಚುಗಲ್ಲಿನದು ಶೇ 6ರ ಮೇಲಷ್ಟೇ ಇತ್ತು. ಈ ಅಂತರವನ್ನು ಕಂಡು ಕಡಿಮೆ ದರದ ದೇಶವನ್ನು ಮಾದರಿಯೆಂದು ಎತ್ತಿ ತೋರಿಸುವವರು, ಆ ದೇಶದ ಕಾರ್ಮಿಕ ಎಷ್ಟು ಸಂಬಳಕ್ಕೆ ದುಡಿಯುತ್ತಿದ್ದಾನೆ, ಅವನ ಮಕ್ಕಳು ಎಲ್ಲಿ ದುಡಿಯುತ್ತಿದ್ದಾರೆ ಎಂಬ ಪ್ರಶ್ನೆಗಳಿಗೂ ಉತ್ತರ ಕೊಡಬೇಕಾಗುತ್ತದೆ.